ನಕ್ಷೆ ನಮ್ಮದಾಗಿರಲಿ

ಊರಿನಿಂದ ಮಗನ ಮನೆಗೆ ಬಂದ ವೃದ್ಧ ತಂದೆತಾಯಿಗಳಿಗೆ ಮುಂಬಯಿಯಲ್ಲಿ ಮೊದಲು ಎದುರಾಗುವ ಕಷ್ಟ ದಾರಿಯದು. ಮಗ, ಸೊಸೆ ಕಚೇರಿಗೆ ಹೋಗಿರುವಾಗ ಎದೆನೋವು ಕಾಣಿಸಿಕೊಂಡರೆ ಹತ್ತಿರದ ಆಸ್ಪತ್ರೆ ಯಾವುದು, ಔಷಧದ ಅಂಗಡಿ ಎಲ್ಲಿ ಎಂಬುದು ಅವರಿಗೆ ತಿಳಿಯದು. ಬೀದಿಯ ಫಲಕಗಳ ಲಿಪಿಯೂ ಹಲವರಿಗೆ ಅಪರಿಚಿತ. ಇಂಥವರಿಗಾಗಿ ಪ್ರತಿಯೊಂದು ಕನ್ನಡ ಸಂಘವೂ ತನ್ನ ಬಡಾವಣೆಯ ಆರೋಗ್ಯ ನಕ್ಷೆಯೊಂದನ್ನು ಕನ್ನಡದಲ್ಲಿಯೇ ಸಿದ್ಧಪಡಿಸುವುದು ಅಗತ್ಯವೆಂದು ನನ್ನ ಅಭಿಪ್ರಾಯ.

ನಕ್ಷೆಗೂ ಆರೋಗ್ಯಕ್ಕೂ ಇರುವ ನಂಟು ಹಳೆಯದು. 1854ರಲ್ಲಿ ಲಂಡನ್ನಿನ ಸೋಹೋ ಬಡಾವಣೆಯಲ್ಲಿ ಕಾಲರಾ ಹರಡಿದಾಗ ಡಾ. ಜಾನ್ ಸ್ನೋ ಅವರು ಸಾವುಗಳು ಸಂಭವಿಸಿದ ಸ್ಥಳಗಳನ್ನು ಗುರುತಿಸಿ, ಅವು ಬ್ರಾಡ್ ಬೀದಿಯ ನೀರಿನ ಪಂಪಿನ ಸುತ್ತ ದಟ್ಟವಾಗಿರುವುದನ್ನು ತೋರಿಸಿಕೊಟ್ಟರು. ಅಂದು ಕೈಯಿಂದ ಬರೆದುದನ್ನು ಇಂದು ಗಣಕಯಂತ್ರದಲ್ಲಿ ಬರೆಯಬಹುದು. ಅದಕ್ಕೆ ಬೇಕಾದ ತಂತ್ರಾಂಶಗಳು ಹಣ ತೆರದೆಯೂ ದೊರೆಯುತ್ತವೆ.

ಆದರೆ ‘ಉಚಿತ’ ಎಂಬ ಒಂದೇ ಮಾತಿಗೆ ಮರುಳಾಗಬಾರದು. ಬೆಲೆಯಿಲ್ಲದ್ದು ಬೇರೆ, ಬಂಧನವಿಲ್ಲದ್ದು ಬೇರೆ. ಗೂಗಲ್ ಸಂಸ್ಥೆ 2009ರಲ್ಲಿ ಆರಂಭಿಸಿದ ಫ್ಯೂಷನ್ ಟೇಬಲ್ಸ್ ಎಂಬ ಉಚಿತ ಸೇವೆಯನ್ನು ನಂಬಿ ಅನೇಕರು ನಕ್ಷೆಗಳನ್ನು ರಚಿಸಿದ್ದರು. 2019ರ ಡಿಸೆಂಬರಿನಲ್ಲಿ ಆ ಸೇವೆ ನಿಂತುಹೋಯಿತು. ಅಂಗಳ ಪರರದಾದರೆ ರಂಗವಲ್ಲಿ ಎಷ್ಟು ಕಾಲ ಉಳಿದೀತು?

ಆದುದರಿಂದ ನನ್ನ ಒಲವು 2002ರಲ್ಲಿ ಹುಟ್ಟಿದ ಕ್ಯೂಜಿಐಎಸ್ ಎಂಬ ಮುಕ್ತ ತಂತ್ರಾಂಶದ ಕಡೆಗೆ. ಅದನ್ನು ಯಾರೂ ಬಳಸಬಹುದು, ಇತರರಿಗೆ ಹಂಚಬಹುದು. ಸಂಗ್ರಹಿಸಿದ ಮಾಹಿತಿ ನಮ್ಮ ಗಣಕದಲ್ಲಿಯೇ ಉಳಿಯುತ್ತದೆ. ಹೆಸರುಗಳನ್ನು ಕನ್ನಡದಲ್ಲಿ ಬರೆದು ಸ್ಮರಣ ಸಂಚಿಕೆಯ ಪುಟದ ಅಳತೆಗೆ ಮುದ್ರಿಸಬಹುದು. ಬೀದಿಗಳ ಮೂಲನಕ್ಷೆಗೆ, 2004ರಿಂದ ಸ್ವಯಂಸೇವಕರು ಕೂಡಿ ಬೆಳೆಸಿರುವ ಓಪನ್‌ಸ್ಟ್ರೀಟ್‌ಮ್ಯಾಪ್ ಇದೆ. ಅದರ ಕೊಡುಗೆದಾರರ ಋಣವನ್ನು ನಕ್ಷೆಯ ಅಡಿಯಲ್ಲಿ ನಮೂದಿಸಿದರೆ ಮುದ್ರಣಕ್ಕೆ ಅಡ್ಡಿಯಿಲ್ಲ.

ಕ್ಯೂಜಿಐಎಸ್ ಕಲಿಯಲು ತಾಳ್ಮೆ ಬೇಕೆಂಬುದು ನಿಜ. ಹತ್ತಿಪ್ಪತ್ತು ಆಸ್ಪತ್ರೆಗಳನ್ನು ಗುರುತಿಸುವುದಷ್ಟೇ ಉದ್ದೇಶವಾದರೆ, ಅದೇ ಮೂಲನಕ್ಷೆಯನ್ನು ಬಳಸುವ ಯುಮ್ಯಾಪ್ ಸಾಕು. ಅಂತರಜಾಲದಲ್ಲಿಯೇ ಅದನ್ನು ತೆರೆದು ಕೆಲಸ ಮಾಡಬಹುದು. ಆದರೆ ಗುರುತಿಸಿದ್ದೆಲ್ಲವನ್ನೂ ಆಗಾಗ ಕಡತವಾಗಿ ಇಳಿಸಿಕೊಂಡು ಸಂಘದ ಬಳಿ ಇರಿಸಿಕೊಳ್ಳುವುದು ವಿವೇಕ.

ಯಾವುದನ್ನೇ ಆರಿಸಿಕೊಂಡರೂ ಎರಡು ಎಚ್ಚರಿಕೆಗಳು ಅವಶ್ಯ. ರಕ್ತದಾನಿಗಳ, ರೋಗಿಗಳ ಮನೆಯ ವಿಳಾಸವನ್ನು ನಕ್ಷೆಯಲ್ಲಿ ತೋರಿಸಲಾಗದು. ಅದು ಅವರ ಖಾಸಗಿ ಸಂಗತಿ. ವರ್ಷಕ್ಕೊಮ್ಮೆಯಾದರೂ ಬೀದಿಬೀದಿ ನಡೆದು ಪ್ರತಿಯೊಂದು ಗುರುತನ್ನೂ ಪರೀಕ್ಷಿಸತಕ್ಕದ್ದು. ಮುಚ್ಚಿಹೋದ ಆಸ್ಪತ್ರೆಯನ್ನು ತೋರಿಸುವ ನಕ್ಷೆ, ನಕ್ಷೆಯಿಲ್ಲದಿರುವುದಕ್ಕಿಂತ ಹೆಚ್ಚು ಅಪಾಯಕಾರಿ.

ಸಂಘದ ತರುಣರು ಗಣಕದ ಮುಂದೆ ಕುಳಿತುಕೊಳ್ಳಲಿ, ಹಿರಿಯರು ತಮ್ಮ ಬೆಳಗಿನ ಸಂಚಾರದಲ್ಲಿ ವಿವರ ಸಂಗ್ರಹಿಸಲಿ. ಆಪತ್ತಿನ ಗಳಿಗೆಯಲ್ಲಿ ಒಂಟಿಯಾಗಿರುವ ತಾಯಿಯೊಬ್ಬಳು ಗೋಡೆಯ ಮೇಲಿನ ಆ ಹಾಳೆಯನ್ನು ತನ್ನ ಲಿಪಿಯಲ್ಲಿ ಓದಿ ನೆರವನ್ನು ಪಡೆದರೆ ಸಂಘದ ಶ್ರಮ ಸಾರ್ಥಕ.