ಅಂಕಿಯೂ ಅದರ ಹಿಂದಿನ ಅಂಕಿಯೂ

ಕಳೆದ ಭಾನುವಾರ ನನ್ನ ತಮ್ಮನ ಮೊಮ್ಮಗಳು ಪುಸ್ತಕಗಳ ಹೊರೆಯೊಡನೆ ನಮ್ಮ ಮನೆಗೆ ಬಂದಿದ್ದಳು. ಬಿ.ಎಸ್ಸಿ. ನರ್ಸಿಂಗ್ ಕೊನೆಯ ವರ್ಷದ ಪರೀಕ್ಷೆ ಸಮೀಪಿಸಿದೆ. "ತಾತ, ನೀವು ಪ್ರಶ್ನೆ ಕೇಳಿ" ಎಂದು ಪುಸ್ತಕವನ್ನು ನನ್ನ ಕೈಗಿತ್ತಳು. ವಯಸ್ಕರ ನಾಡಿಬಡಿತ ನಿಮಿಷಕ್ಕೆ 60ರಿಂದ 100, ಉಸಿರಾಟ 12ರಿಂದ 20. ಎಲ್ಲಿಯೂ ತಡವರಿಸಲಿಲ್ಲ. ಕೊನೆಗೆ ಪುಸ್ತಕ ಮುಚ್ಚಿ ನನ್ನದೇ ಒಂದು ಪ್ರಶ್ನೆ ಕೇಳಿದೆ.

"ಹೊಟ್ಟೆಯ ಶಸ್ತ್ರಚಿಕಿತ್ಸೆಯಾದ ರೋಗಿ. ನಾಡಿ ಮೊದಲು 74, ಅರ್ಧ ಗಂಟೆಯ ಬಳಿಕ 86, ಇನ್ನರ್ಧ ಗಂಟೆಗೆ 98. ರಕ್ತದೊತ್ತಡ ಸರಿಯಾಗಿದೆ. ಏನು ಮಾಡುತ್ತೀಯೆ?"

"ಎಲ್ಲ ನಾರ್ಮಲ್ ತಾತ. ಚಾರ್ಟಿನಲ್ಲಿ ಬರೆದಿಡುತ್ತೇನೆ."

ಇದು ನಾನು ಕಲ್ಪಿಸಿದ ಪ್ರಶ್ನೆಯಲ್ಲ. ಕೆಲವು ವರ್ಷಗಳ ಹಿಂದೆ ನನ್ನ ಪತ್ನಿಯ ಚಾರ್ಟಿನಲ್ಲಿದ್ದ ಅಂಕಿಗಳು ಹೆಚ್ಚುಕಡಿಮೆ ಇವೇ. ಅಂದು ರಾತ್ರಿ ಪಾಳಿಯಲ್ಲಿದ್ದ ಸಿಸ್ಟರ್ ಬರೆದು ಸುಮ್ಮನಾಗಲಿಲ್ಲ. ಕೈ ಮುಟ್ಟಿ ನೋಡಿದರು, ತಣ್ಣಗಿತ್ತು. ಮೂತ್ರದ ಚೀಲ ನೋಡಿದರು, ಹೆಚ್ಚೇನೂ ತುಂಬಿರಲಿಲ್ಲ. ಕೂಡಲೇ ವೈದ್ಯರನ್ನು ಕರೆಸಿದರು. ಒಳಗೆ ರಕ್ತಸ್ರಾವವಾಗುತ್ತಿತ್ತು. ರಕ್ತ ಸೋರಿದಾಗ ಹೃದಯ ವೇಗವಾಗಿ ಬಡಿದು, ಕೈಕಾಲುಗಳ ರಕ್ತನಾಳಗಳು ಕುಗ್ಗಿ, ಒತ್ತಡವನ್ನು ಕೆಲಕಾಲ ಹಿಡಿದಿಡುತ್ತವೆಯಂತೆ. ಒತ್ತಡ ಕುಸಿಯುವವರೆಗೆ ಕಾದರೆ ಬಹಳ ತಡವಾಗಿರುತ್ತದೆ. ಮರುದಿನ ವೈದ್ಯರು ಇದನ್ನು ವಿವರಿಸುವಾಗ ನನ್ನ ಕಾಲುಗಳು ನಡುಗುತ್ತಿದ್ದವು.

ಕಂಠಪಾಠವನ್ನು ನಾನು ಹಳಿಯುವುದಿಲ್ಲ. 60ರಿಂದ 100 ಎಂಬುದನ್ನು ತಿಳಿಯದವರಿಗೆ ಅನುಮಾನವೂ ಹುಟ್ಟದು. ಆದರೆ ಅದು ಹೊಸ್ತಿಲು ಮಾತ್ರ. ಗ್ರಾಫಿನಲ್ಲಿ ಒಂದು ಬಿಂದುವಿನಿಂದ ರೇಖೆಯ ದಿಕ್ಕು ತಿಳಿಯದೆಂದು ನಿಮಗೆಲ್ಲ ಕಪ್ಪುಹಲಗೆಯ ಮೇಲೆ ಬರೆದು ತೋರಿಸಿದವನು ನಾನು. ಆದರೂ ಪರೀಕ್ಷೆಯಲ್ಲಿ ಬಾಯಿಪಾಠದ ಉತ್ತರಕ್ಕೇ ಪೂರ್ಣಾಂಕ ಕೊಟ್ಟವನೂ ನಾನೇ. ಆ ತಪ್ಪಿನಲ್ಲಿ ನನ್ನ ಪಾಲೂ ಇದೆ.

ಅಮೆರಿಕದಲ್ಲಿ ನರ್ಸ್ ಆಗಬಯಸುವವರು, ನಮ್ಮಲ್ಲಿಂದ ಹೋಗುವವರೂ, ಬರೆಯಬೇಕಾದ ಎನ್‌ಕ್ಲೆಕ್ಸ್ ಪರೀಕ್ಷೆಯನ್ನು 2023ರ ಏಪ್ರಿಲ್‌ನಲ್ಲಿ ಬದಲಿಸಿದರು. ರೋಗಿಯ ವೃತ್ತಾಂತವನ್ನೇ ಮುಂದಿಟ್ಟು, ಯಾವ ಸೂಚನೆ ಮುಖ್ಯ, ಅದರ ಅರ್ಥವೇನು, ಮೊದಲು ಮಾಡಬೇಕಾದುದೇನು, ಮಾಡಿದ್ದು ಫಲಿಸಿತೇ ಎಂದು ಹಂತ ಹಂತವಾಗಿ ಕೇಳುತ್ತಾರೆ. ನಮ್ಮ ಪ್ರಶ್ನೆಪತ್ರಿಕೆಗಳೂ ಹೀಗೆಯೇ ಕೇಳಬೇಕು. ವಿದ್ಯಾರ್ಥಿಗಳು ಓದುವುದು ಪರೀಕ್ಷೆ ಕೇಳುವುದನ್ನೇ.

ನನ್ನ ಶಿಷ್ಯರಲ್ಲಿ ಕೆಲವರು ಇಂದು ನರ್ಸಿಂಗ್ ಕಾಲೇಜುಗಳಲ್ಲಿ ಪಾಠ ಹೇಳುತ್ತಿದ್ದೀರಿ. ನಿಮ್ಮಲ್ಲಿ ನನ್ನದೊಂದು ಕೋರಿಕೆ. "ನಾಡಿಬಡಿತದ ಸಾಮಾನ್ಯ ಪ್ರಮಾಣವೆಷ್ಟು" ಎಂಬ ಪ್ರಶ್ನೆಯ ಪಕ್ಕದಲ್ಲಿ 74, 86, 98 ಎಂದು ಬರೆದು, "ಈಗೇನು ಮಾಡುವಿರಿ" ಎಂದೂ ಕೇಳಿರಿ. ನನ್ನ ಮೊಮ್ಮಗಳಿಗೆ ಆ ಮೂರು ಅಂಕಿಗಳು ಯಾರವೆಂದು ನಾನು ಹೇಳಿರಲಿಲ್ಲ. ಊಟ ಬಡಿಸುತ್ತಿದ್ದ ಅವಳ ಅಜ್ಜಿಯೇ ಹೇಳಿದಳು.