ಸ್ಕಿಪ್ ಬಟನ್ ಇಲ್ಲದ ಸಂಜೆ

ಫ್ರೀಕ್ವೆನ್ಸಿ ಮಾಡ್ಯುಲೇಷನ್ ಬಗ್ಗೆ ಹತ್ತು ಅಂಕಕ್ಕೆ ಬರೆದು ಪಾಸಾದವನು ನಾನು. ಎಫ್‌ಎಂ ಎಂದರೆ 88ರಿಂದ 108 ಮೆಗಾಹರ್ಟ್ಸ್ ಎಂದು ನಿದ್ದೆಯಲ್ಲಿ ಕೇಳಿದರೂ ಹೇಳಿಯೇನು. ಆದರೆ ರೇಡಿಯೊ ಮುಂದೆ ಕೂತು ಇಡೀ ಸಂಜೆ ಕೇಳಿದ್ದು ಇಪ್ಪತ್ತನೇ ವಯಸ್ಸಿನಲ್ಲಿ, ಅದೂ ಐದನೇ ಸೆಮಿಸ್ಟರಿನ ಮಿನಿ ಪ್ರಾಜೆಕ್ಟಿನ ದೆಸೆಯಿಂದ!

ಟಿಇಎ5767 ಎಂಬ ಪುಟ್ಟ ರಿಸೀವರ್ ಮಾಡ್ಯೂಲನ್ನು ಆರ್ಡುಯಿನೊಗೆ ಜೋಡಿಸಿ, ಹಾಸ್ಟೆಲ್ ಕಿಟಕಿಗೆ ತಂತಿ ಕಟ್ಟಿ, ಮೈಸೂರು ಆಕಾಶವಾಣಿಯ 100.6ಕ್ಕೆ ಟ್ಯೂನ್ ಮಾಡಿದೆವು. ಗೊರಗೊರ ಸದ್ದು ಯಾವಾಗ ಬರುತ್ತದೆಂದು ಬರೆದುಕೊಳ್ಳಬೇಕಿದ್ದರಿಂದ ಆಫ್ ಮಾಡುವಂತಿರಲಿಲ್ಲ. ಜಾನಪದ ಗೀತೆ ಬಂತು, ಹೋಯಿತು. ಒಬ್ಬರು ಹಳಗನ್ನಡ ಕಾವ್ಯದ ಬಗ್ಗೆ ಮಾತಾಡಿದರು. ಮೊದಲ ಐದು ನಿಮಿಷ ಬೇಸರ. ಆಮೇಲೆ ನೋಡಿದರೆ ಪೆನ್ನು ಕೆಳಗಿಟ್ಟಿದ್ದೆ. ಯೂಟ್ಯೂಬಿನಲ್ಲಾಗಿದ್ದರೆ ಇಪ್ಪತ್ತನೇ ಸೆಕೆಂಡಿಗೇ ಬೆರಳು ಮುಂದೋಡುತ್ತಿತ್ತು.

ಬಳಿಕ ಕರ್ನಾಟಕ ಸಂಗೀತ. ಉದ್ಘೋಷಕಿ ಗಾಯಕರ ಜೊತೆಗೆ ಪಿಟೀಲು, ಮೃದಂಗ ನುಡಿಸುವವರ ಹೆಸರನ್ನೂ ಹೇಳಿದರು. (ನಮ್ಮ ಪ್ಲೇಲಿಸ್ಟಿನ ಹಾಡುಗಳಲ್ಲಿ ಗಿಟಾರ್ ಯಾರದೆಂದು ಯಾರಿಗೆ ಗೊತ್ತು?) ತನಿ ಆವರ್ತನ ಶುರುವಾದಾಗ ಆಪ್ಟಿಟ್ಯೂಡ್ ಪುಸ್ತಕದಲ್ಲಿ ಮುಳುಗಿದ್ದ ರೂಮ್‌ಮೇಟ್ ತಲೆ ಎತ್ತಿದ. ತೊಡೆಯ ಮೇಲೆ ತಾಳ ಹಾಕತೊಡಗಿದ. ಒಂದು ಪೆಟ್ಟೂ ತಪ್ಪಲಿಲ್ಲ. ಎರಡು ವರ್ಷ ಜೊತೆಗಿದ್ದರೂ ಅವನು ಆರು ವರ್ಷ ಮೃದಂಗ ಕಲಿತಿದ್ದ ಸಂಗತಿ ನನಗೆ ಗೊತ್ತಿರಲಿಲ್ಲ. ‘ಸಿಇಟಿಗೆ ಅಂತ ಬಿಟ್ಟೆ. ಸೀಟು ಸಿಕ್ಕಮೇಲೆ ಶುರು ಮಾಡು ಅಂದಿದ್ರು. ಈಗ ಪ್ಲೇಸ್‌ಮೆಂಟ್ ಆಗ್ಲಿ ಅಂತಾರೆ’ ಅಂದ.

ಇದೇ ನನ್ನ ತಕರಾರು. ಓದುವ ಹುಡುಗರಿಗೆ ಸಂಗೀತ, ಸಾಹಿತ್ಯಕ್ಕೆಲ್ಲ ಸಮಯವಿಲ್ಲ ಎನ್ನುವುದು ಸುಳ್ಳು. ರೀಲ್ಸ್‌ಗೆ ಎಷ್ಟು ಗಂಟೆ ಹೋಯಿತೆಂದು ನಮ್ಮ ಫೋನೇ ಲೆಕ್ಕ ಕೊಡುತ್ತದೆ. ಆಪ್‌ಗಳು ನಾನು ನಿನ್ನೆ ಕೇಳಿದ್ದನ್ನೇ ಇಂದೂ ಬಡಿಸುತ್ತವೆ. ರೇಡಿಯೊಗೆ ನಾನು ಯಾರೆಂದೇ ಗೊತ್ತಿಲ್ಲ. ಅದಕ್ಕೇ ಇರಬೇಕು, ನಾನು ಎಂದೂ ಹುಡುಕದ್ದು ಅಂದು ಕಿವಿಗೆ ಬಿತ್ತು.

ಮೈಸೂರಿನಲ್ಲಿ 1935ರಲ್ಲಿ ಆಕಾಶವಾಣಿ ಆರಂಭಿಸಿದವರು ಎಂಜಿನಿಯರ್ ಅಲ್ಲ, ಮಹಾರಾಜ ಕಾಲೇಜಿನ ಮನಃಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ, ಅದೂ ತಮ್ಮ ಮನೆಯಿಂದಲೇ. ಟ್ರಾನ್ಸ್‌ಮಿಟರ್ ಬಗ್ಗೆ ಓದುವ ನಮಗೆ, ಅದರಲ್ಲಿ ಏನನ್ನು ಕಳಿಸಬೇಕೆಂಬ ಪ್ರಶ್ನೆ ಸಿಲೆಬಸ್ಸಿನಲ್ಲೇ ಇಲ್ಲ. ಯುವವಾಣಿ ಎಂಬ ಕಾರ್ಯಕ್ರಮ ನಮ್ಮ ವಯಸ್ಸಿನವರಿಗೆಂದೇ ಇದೆ. ಫೆಸ್ಟಿನಲ್ಲಿ ಡಿಜೆಗೆ ಚಂದಾ ಎತ್ತುವ ನಾವು, ಕ್ಲಾಸಿನಲ್ಲಿ ಹಾಡುವ, ಬರೆಯುವ ನಾಲ್ವರನ್ನು ಅಲ್ಲಿಗೆ ಹುರಿದುಂಬಿಸಿ ಕಳಿಸಬಹುದಲ್ಲ?

ಪ್ರಾಜೆಕ್ಟಿಗೆ ಅಂಕ ಬಂದಾಯಿತು. ಬೋರ್ಡ್ ಇನ್ನೂ ಬಿಚ್ಚಿಲ್ಲ. ಕಳೆದ ವಾರ ಊರಿಗೆ ಹೋಗಿದ್ದ ರೂಮ್‌ಮೇಟ್, ಬರುವಾಗ ಬಸ್ಸಿನಲ್ಲಿ ಮೃದಂಗವನ್ನು ತೊಡೆಯ ಮೇಲಿಟ್ಟುಕೊಂಡೇ ಬಂದಿದ್ದಾನೆ. ವಾರ್ಡನ್ ಏನನ್ನುತ್ತಾರೋ ನೋಡಬೇಕು.