ಶ್ರಮದಾನವೂ ಸೈಕಲ್ಲಿನ ದಾರಿಯೂ

ಸಾರ್ವಜನಿಕ ಉದ್ಯಾನಗಳಲ್ಲಿಯೂ ಗುಡ್ಡಗಾಡುಗಳಲ್ಲಿಯೂ ಸೈಕಲ್ ಸವಾರರೇ ಸಲಿಕೆ, ಪಿಕಾಸಿ ಹಿಡಿದು, ಕೂಲಿಯನ್ನು ಬಯಸದೆ ದಾರಿ ನಿರ್ಮಿಸಿಕೊಳ್ಳುವ ಪದ್ಧತಿಯೊಂದು ಇಂದು ಹಲವು ದೇಶಗಳಲ್ಲಿ ಬೆಳೆದು ನಿಂತಿದೆ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯದ ಬೆಟ್ಟದ ಇಳಿಜಾರುಗಳಲ್ಲಿ ಕೆಲವು ತರುಣರು ಹಳೆಯ ಸೈಕಲ್ಲುಗಳನ್ನು ಓಡಿಸತೊಡಗಿದಾಗ ರೂಪುಗೊಂಡ ಈ ಕ್ರೀಡೆ 1996ರಲ್ಲಿ ಅಟ್ಲಾಂಟಾ ಒಲಿಂಪಿಕ್ಸ್ ಪ್ರವೇಶಿಸಿತು. 2022ರಲ್ಲಿ ಗದಗಿನಲ್ಲಿಯೇ ರಾಷ್ಟ್ರೀಯ ಮೌಂಟನ್ ಬೈಕ್ ಸ್ಪರ್ಧೆ ನಡೆಯಿತು. ಇದು ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳಿಗೆ ಸಲ್ಲುವ ಮಾತೇ ಎಂದು ಹುಬ್ಬೇರಿಸುವವರು ಉಂಟು. ಆದರೆ ರಾಜ್ಯ ಸರ್ಕಾರವು 2006-07ರಲ್ಲಿ ಆರಂಭಿಸಿದ ಯೋಜನೆಯಿಂದ ಎಂಟನೆಯ ತರಗತಿಯ ಮಕ್ಕಳ ಕೈಗೆ ಸೈಕಲ್ ಬಂದಿತು. ಸೈಕಲ್ ಬಂದಿತು, ದಾರಿ ಬರಲಿಲ್ಲ. ಹೊಲದ ಬದುವಿನ ಮೇಲೆ, ಹಳ್ಳದ ದಂಡೆಯಲ್ಲಿ ಅದನ್ನು ತಳ್ಳಿಕೊಂಡು ಶಾಲೆಗೆ ಬರುವ ಹುಡುಗಿಗೆ ದಾರಿಯೆಂಬುದು ಕ್ರೀಡೆಯಲ್ಲ, ಹಾಜರಿ ಪುಸ್ತಕದ ವಿಷಯ.

ಈ ಸೀಮೆಯ ಎರೆಮಣ್ಣಿನ ಸ್ವಭಾವವನ್ನು ಬಲ್ಲವರಿಗೆ ಕೆಲಸದ ಕಷ್ಟ ತಿಳಿಯುತ್ತದೆ. ನೀರು ಕುಡಿದರೆ ಉಬ್ಬುವ, ಒಣಗಿದರೆ ಬಾಯ್ದೆರೆಯುವ ಮಣ್ಣದು. ಒಂದು ಮಳೆಗೆ ಚಕ್ರಕ್ಕೆ ಮೆತ್ತಿಕೊಂಡು ಸವಾರನನ್ನು ಕೆಳಗಿಳಿಸುತ್ತದೆ. ಆದ್ದರಿಂದ ದಾರಿಯನ್ನು ನೆಲಕ್ಕಿಂತ ತುಸು ಎತ್ತರಿಸಿ ಗರಸು ಹಾಕಿ ಬಡಿಯಬೇಕು. ದಿಬ್ಬದ ಮೇಲೆ ನೇರ ಏರದೆ ಓರೆಯಾಗಿ ಸಾಗಿಸಬೇಕು. ಹೊರಅಂಚಿನ ಕಡೆಗೆ ಅಲ್ಪ ಇಳಿಜಾರು ಕೊಟ್ಟು ನೀರು ದಾರಿಯಲ್ಲಿ ನಿಲ್ಲದೆ, ದಾರಿಯುದ್ದಕ್ಕೂ ಹರಿಯದೆ, ಅಡ್ಡಲಾಗಿ ದಾಟಿಹೋಗುವಂತೆ ಮಾಡಬೇಕು. ವಿದೇಶದ ಸ್ವಯಂಸೇವಕರು ಕಲಿತ ಮೊದಲ ಪಾಠವೂ ಇದೇ. ಬದು ಹಾಕಿ ಬಲ್ಲ ಇಲ್ಲಿಯ ಒಕ್ಕಲಿಗನಿಗೆ ಇದನ್ನು ಹೇಳಿಕೊಡಬೇಕಾದ ಅಗತ್ಯವಿಲ್ಲ. ಶಾಲೆಗಳೇ ಅವನನ್ನು ಕರೆದು ಕೇಳಬೇಕು.

ಕೂಡಿ ತೋಡುವ ಕಾರ್ಯ ಈ ಭಾಗಕ್ಕೆ ಹೊಸದಲ್ಲ. ನೆರೆಯ ಸೊನ್ನಲಿಗೆಯಲ್ಲಿ ಹನ್ನೆರಡನೆಯ ಶತಮಾನದಲ್ಲಿ ಶಿವಯೋಗಿ ಸಿದ್ಧರಾಮನು ಕೆರೆ ತೋಡಿಸಿದ ಕಥೆಯನ್ನು ಅರಿಯದವರಿಲ್ಲ. ಆ ಕಾರ್ಯ ನಡೆಯುತ್ತಿದ್ದಾಗಲೇ ಅಲ್ಲಮಪ್ರಭುಗಳು ಬಂದು ಅವನನ್ನು ಕೆಣಕಿದ ಪ್ರಸಂಗ ಶೂನ್ಯಸಂಪಾದನೆಯಲ್ಲಿದೆ. ಉತ್ಸವಗಳಲ್ಲಿ ಕೆರೆಯ ಮಾತು ಬರುವಷ್ಟು ಆ ಕೆಣಕಿನ ಮಾತು ಬಾರದಿರುವುದು ವಿಚಿತ್ರ.

ಕೆಣಕಬೇಕಾದ ಪ್ರಶ್ನೆ ಇಲ್ಲಿಯೂ ಇದೆ. 1948ರ ಸೆಪ್ಟೆಂಬರ್ 17ರವರೆಗೆ ಈ ಮೂರೂ ತಾಲ್ಲೂಕುಗಳ ನೆಲ ನಿಜಾಮರ ಸಂಸ್ಥಾನದೊಳಗಿತ್ತು. ಅಂದು ಸಂಬಳವಿಲ್ಲದ ದುಡಿಮೆಗೆ ಇದ್ದ ಹೆಸರು ದಾನವಲ್ಲ, ಬಿಟ್ಟಿ. ಅಧಿಕಾರಿಯ ಸಾಮಾನು ಹೊತ್ತವರು, ಗೌಡರ ಅಂಗಳ ಗುಡಿಸಿದವರು, ಕರೆದಾಗ ಇಲ್ಲವೆನ್ನಲಾಗದೆ ಬಂದವರು ಯಾವ ಕೇರಿಯವರೆಂಬುದನ್ನು ಊರು ಮರೆತಿಲ್ಲ. ಸಂವಿಧಾನದ 23ನೆಯ ವಿಧಿ ಬಿಟ್ಟಿಯನ್ನು ನಿಷೇಧಿಸಿತು. ನೆನಪನ್ನು ನಿಷೇಧಿಸುವುದು ಅದಕ್ಕೆ ಸಾಧ್ಯವಿರಲಿಲ್ಲ. ಆದಕಾರಣ ಶ್ರಮದಾನವೆಂದು ಫಲಕ ಕಟ್ಟಿ, ಬುಟ್ಟಿಯನ್ನು ಅದೇ ಕೇರಿಯ ಮಕ್ಕಳ ತಲೆಯ ಮೇಲಿರಿಸಿ, ಉಳಿದವರು ಛಾಯಾಚಿತ್ರಕ್ಕೆ ಮಾತ್ರ ಗುದ್ದಲಿ ಮುಟ್ಟಿದರೆ ಅದು ಕಾಯಕವಾಗದು. ಮುಖ್ಯೋಪಾಧ್ಯಾಯರೂ ಆಡಳಿತ ಮಂಡಳಿಯವರೂ ಅದೇ ಬುಟ್ಟಿಯನ್ನು ಅಷ್ಟೇ ಸಲ ಹೊರಬೇಕು. ಒಲ್ಲೆನೆಂದ ವಿದ್ಯಾರ್ಥಿಗೆ ಅಂಕ ಕಡಿತವಾಗಬಾರದು. ಕೂಲಿಯಿಂದ ಬದುಕುವವರು ಕೂಲಿಗೇ ಬರಲಿ. ಅವರ ಒಂದು ದಿನದ ಅನ್ನವನ್ನು ಅನ್ಯರ ಪುಣ್ಯಕ್ಕೆ ಬಳಸಲಾಗದು. ಗೈರಾಣ ಭೂಮಿಯಲ್ಲಿ ದಾರಿ ಹಾಯುವುದಾದರೆ ಪಂಚಾಯತಿಯ ಒಪ್ಪಿಗೆಯಷ್ಟೇ ಸಾಲದು, ಅಲ್ಲಿ ಕುರಿ ಮೇಯಿಸುವವರನ್ನೂ ಕೇಳಬೇಕು.

ಇನ್ನು ದಾನಿಗಳ ವಿಚಾರ. ಕೊಠಡಿ ಕಟ್ಟಿಸಿದವರ ಹೆಸರು ಕಲ್ಲಿನಲ್ಲಿ ಉಳಿಯುತ್ತದೆ. ಅದು ಯೋಗ್ಯವೂ ಹೌದು. ಕಾಲುದಾರಿಗೆ ಉದ್ಘಾಟನೆ ಇದ್ದೀತು, ಆದರೆ ಮುಂದಿನ ಮಳೆ ಅದನ್ನು ಅರ್ಧ ಅಳಿಸುತ್ತದೆ. ಗಾಂಧೀ ಜನ್ಮಶತಾಬ್ದಿಯ ವರ್ಷವಾದ 1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಗಳನ್ನು ಕಂಡವರಿಗೆ ಈ ತೊಡಕು ಗೊತ್ತು: ತೋಡುವ ಉತ್ಸಾಹ ಒಂದು ವಾರದ್ದು, ಕಾಯುವ ಜವಾಬ್ದಾರಿ ಯಾರದೂ ಅಲ್ಲ. ಆದುದರಿಂದ ಹಣ ಕೊಡಲಿಚ್ಛಿಸುವವರು ಮೊದಲ ಗರಸಿನ ಗಾಡಿಗಿಂತ ಐದನೆಯ ವರ್ಷದ ಗರಸಿಗೆ ಹಣವಿಡುವುದು ಲೇಸು. ಹಳೆಯ ವಿದ್ಯಾರ್ಥಿಗಳ ಸ್ನೇಹಸಮ್ಮೇಳನವನ್ನು ಶಾಲೆಗಳು ಸಾಮಾನ್ಯವಾಗಿ ತಂಪು ಹೊತ್ತಿನ ತಿಂಗಳುಗಳಲ್ಲಿ ಏರ್ಪಡಿಸುತ್ತವೆ. ಅದರಲ್ಲೊಂದು ದಿನವನ್ನು ರೋಹಿಣಿ ಮಳೆ ಮುಗಿದು ಮಿರಗ ಹಿಡಿಯುವ ಜೂನ್ ಮೊದಲ ವಾರಕ್ಕೆ ಸರಿಸಬಹುದು. ಆಗ ಶಾಲೆಯೂ ತೆರೆದಿರುತ್ತದೆ, ದಾರಿಯ ಯಾವ ತಿರುವಿನಲ್ಲಿ ನೀರು ನಿಂತಿದೆಯೆಂಬುದೂ ಕಣ್ಣಿಗೆ ಕಾಣುತ್ತದೆ. ಬರುವವರು ಬರುವಾಗ ಸಲಿಕೆಯೊಂದನ್ನು ತಂದರೆ ಸಾಕು.